ಅಪ್ಪನ ಕೋಟಿಗೊಂದು ತಿದ್ದುಪಡಿ

ಬಾಗಿಲು ತೆರೆದವಳು ಎದುರಿಗಿದ್ದವನ ಮುಖವನ್ನೂ ಸರಿಯಾಗಿ ನೋಡಲಿಲ್ಲ. "ಹೂವು ಆ ಸ್ಟೂಲ್ ಮೇಲಿಡಿ. ಬಂದಿದ್ದಕ್ಕೆ ಥ್ಯಾಂಕ್ಸ್," ಎಂದಳು.

"ಹೂವು ತಂದಿಲ್ಲ."

ಆಗ ನೋಡಿದಳು. ಕಂಕುಳಲ್ಲಿ ಹೆಲ್ಮೆಟ್, ಹೆಗಲಿಗೆ ಚೀಲ, ಕನ್ನಡಕದ ಒಂದು ಕಡ್ಡಿಗೆ ಬಿಳಿ ಟೇಪು. ಈ ಎರಡು ದಿನ ಆ ಬಾಗಿಲಿಗೆ ಬಂದವರು ಮೆಟ್ಟಿಲು ಹತ್ತುವಾಗಲೇ ಜೋಲು ಮುಖ ಹಾಕಿಕೊಂಡು ಬರುತ್ತಿದ್ದರು. ಇವನದು ಮಾತ್ರ ಪರೀಕ್ಷೆಗೆ ತಡವಾಗಿ ಬಂದವನ ಮುಖ.

"ಮತ್ತೇನು ತಂದಿದ್ದೀರಿ?"

"ಪೆನ್ನು. ನಾನು ಪೇಪರಿನವನು. ನಿಮ್ಮ ತಂದೆ ಬದುಕಿದ್ದಾರಾ ಅಂತ ನೋಡ್ಕೊಂಡು ಹೋಗೋಕೆ ಬಂದೆ."

ಪೇಪರು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವಳು ಬಾಗಿಲು ಮುಚ್ಚತೊಡಗಿದಳು. ಅಷ್ಟರಲ್ಲಿ ಒಳಗಿನಿಂದ ಗುಡುಗಿನಂಥ ದನಿ ಬಂತು.

"ಬಿಡೇ ಪೀಪಿ ಅವರನ್ನ ಒಳಗೆ! ನಾನೇ ಫೋನ್ ಮಾಡಿ ಕರೆಸಿದ್ದು!"

ಸತ್ತವರ ದನಿ ಅಷ್ಟು ಜೋರಾಗಿರುವುದಿಲ್ಲ. ಬಂದವನು ನಿಂತಲ್ಲೇ ಸಮಾಧಾನದ ಉಸಿರು ಬಿಟ್ಟು, ಚಪ್ಪಲಿ ಕಳಚತೊಡಗಿದ.

ಚಿಕ್ಕಂದಿನಲ್ಲಿ ಆಟಿಕೆಯ ತುತ್ತೂರಿಯನ್ನು ಬಾಯಿಂದ ತೆಗೆಯದೆಯೇ ನಿದ್ದೆ ಹೋಗುತ್ತಿದ್ದಳೆಂದು ಮನೆಯವರು ಅವಳನ್ನು ಪೀಪಿ ಎನ್ನುತ್ತಿದ್ದರು. ಈಗ ತುತ್ತೂರಿ ಹೋಗಿ ಅಕಾರ್ಡಿಯನ್ ಬಂದಿದೆ. ಹಗಲು ವಾದ್ಯ ರಿಪೇರಿ ಅಂಗಡಿಯಲ್ಲಿ ಕೆಲಸ. ಉಳಿದ ಹೊತ್ತಿನಲ್ಲಿ ತಾನೇ ಹಾಡು ಕಟ್ಟಿ, ತಾನೇ ಹಾಡಿ, ತಾನೇ ರೆಕಾರ್ಡ್ ಮಾಡಿ, ಯಾವ ಕಂಪನಿಯ ಹಂಗೂ ಇಲ್ಲದೆ ಲೋಕಕ್ಕೆ ಬಿಡುತ್ತಿದ್ದಳು. ಬಿಟ್ಟ ಮೇಲೆ ಅದರ ಬಗ್ಗೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. "ಹಾಡಿಗೇ ಬಾಯಿ ಕೊಟ್ಟಿದ್ದೀನಿ, ನನ್ನ ಬಾಯಿ ಯಾಕೆ?" ಎನ್ನುವುದು ಅವಳ ವಾದ.

ಅತ್ತಿಗೆಗೆ ಈ ವಾದ ಒಪ್ಪಿಗೆಯಿರಲಿಲ್ಲ. ಅತ್ತಿಗೆ ಹಲ್ಲಿನ ಡಾಕ್ಟರು. ಗಂಡ ಹಡಗಿನ ಕೆಲಸದಲ್ಲಿ ಸಮುದ್ರದ ಮೇಲಿದ್ದುದರಿಂದ, ಕ್ಲಿನಿಕ್ ಮುಗಿದ ಮೇಲಿನ ಹುರುಪನ್ನೆಲ್ಲ ನಾದಿನಿಯ ಪ್ರಚಾರಕ್ಕೆ ಸುರಿಯುತ್ತಿದ್ದಳು. ಪೀಪಿಯ ಹೆಸರಿನ ಪೇಜು ನಡೆಸುತ್ತಿದ್ದವಳು ಅವಳೇ. "ನಗು ಪೀಪಿ. ಹಲ್ಲು ಕಾಣೋ ಹಾಗೆ ನಗು. ಮೇಲಿನ ಸಾಲು ಎಷ್ಟು ಚೆನ್ನಾಗಿದೆ ನಿಂದು!" ಎಂದು ಫೋನು ಹಿಡಿದು ನಿಲ್ಲುತ್ತಿದ್ದಳು. ಪೀಪಿ ಮುಖ ತಿರುಗಿಸುತ್ತಿದ್ದಳು. ಹಾಗಾಗಿ ಆ ಪೇಜಿನ ವೀಡಿಯೊಗಳಲ್ಲೆಲ್ಲ ಇದ್ದದ್ದು ಎರಡು ಕೈ, ಒಂದು ಅಕಾರ್ಡಿಯನ್, ಅಪರೂಪಕ್ಕೊಮ್ಮೆ ಒಂದು ಕಿವಿ.

ಅತ್ತಿಗೆಯ ಕಾಟ ತಡೆಯಲಾರದೆ ಅವಳು ಒಂದೇ ಒಂದು ಸಂದರ್ಶನ ಕೊಟ್ಟಿದ್ದಳು. ರೈಲ್ವೆ ಗಾರ್ಡ್ ಆಗಿದ್ದ ಅಪ್ಪನ ಕೋಟಿನ ಮೇಲೆ ಅವಳು ಕಟ್ಟಿದ ಹಾಡಿನ ಬಗ್ಗೆ ವರದಿಗಾರ್ತಿ ಕೇಳಿದ್ದಳು: "ಈ ಹಾಡಿನಲ್ಲಿ ನಿಮ್ಮ ತಂದೆ ಎಲ್ಲಿದ್ದಾರೆ?" ಅಪ್ಪ ಆ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕಾಲಿನ ಉಗುರು ಕತ್ತರಿಸಿಕೊಳ್ಳುತ್ತಿದ್ದರು. ಅದನ್ನೇ ಹೇಳಿದ್ದರೂ ಆಗುತ್ತಿತ್ತು. ಆದರೆ ಹಾಡಿನ ಅರ್ಥ ಕೇಳಿದರೆ ಪೀಪಿಯ ಬಾಯಿಗೆ ಬೀಗ ಬೀಳುತ್ತಿತ್ತು. ಸುಮ್ಮನೆ ಕಿಟಕಿಯ ಕಡೆ ನೋಡಿದಳು. ಕಣ್ಣಿಗೆ ನೇರ ಬಿಸಿಲು ಹೊಡೆದು ನೀರು ಬಂತು.

ಭಾನುವಾರದ ಪುರವಣಿಯಲ್ಲಿ ಅರ್ಧ ಪುಟ ಬಂತು. 'ಅಗಲಿದ ಅಪ್ಪನಿಗೆ ಮಗಳ ಹಾಡು.' ಅದರ ಕೆಳಗೆ ದಪ್ಪಕ್ಷರದಲ್ಲಿ, 'ಪ್ರಶ್ನೆ ಕೇಳುತ್ತಿದ್ದಂತೆ ಗಾಯಕಿ ಮೌನವಾದರು. ಕಣ್ಣು ತುಂಬಿತ್ತು.'

ತನ್ನ ಬಗ್ಗೆ ಬಂದದ್ದನ್ನು ಓದುವುದಿಲ್ಲ ಎಂಬುದು ಪೀಪಿಯ ಶಪಥ. ಮೊದಲ ಹೂಗುಚ್ಛ ಬಂದಾಗ ಹಾಡು ಮೆಚ್ಚಿ ಕಳಿಸಿದ್ದಾರೆಂದುಕೊಂಡಳು. ಎರಡನೆಯದರ ಜೊತೆ ಬಂದ ಮುದುಕಿ ಅವಳನ್ನು ತಬ್ಬಿಕೊಂಡು ಅತ್ತಾಗ ಏನೋ ಎಡವಟ್ಟಾಗಿದೆ ಅನ್ನಿಸಿತು. ಅಷ್ಟರಲ್ಲಿ ಹಡಗಿನಿಂದ ಅಣ್ಣನ ಫೋನು ಬಂತು. "ಅಪ್ಪ ಹೋದ್ರಂತೆ, ನನಗೊಂದು ಮಾತು ಹೇಳಲಿಲ್ವಲ್ಲ ನೀವು!" ಎಂದು ಅವನು ಬಿಕ್ಕುತ್ತಿದ್ದ. ಫೋನು ಎತ್ತಿದ್ದವರು ಅಪ್ಪ. "ಎಲ್ಲಿಗೂ ಹೋಗಿಲ್ಲ ಕಣೋ, ಟಾಯ್ಲೆಟ್‌ಗೆ ಹೋಗಿದ್ದೆ," ಎಂದರು.

ಅಷ್ಟರಲ್ಲಿ ಹಾಡು ಊರೆಲ್ಲ ಹರಡಿತ್ತು.

ಬಂದವನ ಕೆಲಸ ಪತ್ರಿಕೆಯಲ್ಲಿ ತಿದ್ದುಪಡಿ ಬರೆಯುವುದು. ಎರಡನೇ ಪುಟದ ಮೂಲೆಯಲ್ಲಿ ಒಂದು ಪುಟ್ಟ ಚೌಕ ಬರುತ್ತದಲ್ಲ, 'ನಿನ್ನೆಯ ಸಂಚಿಕೆಯಲ್ಲಿ ಹೀಗೆ ಪ್ರಕಟವಾಗಿತ್ತು, ಅದು ಹಾಗಾಗಬೇಕಿತ್ತು' ಎಂದು, ಅದು.

"ಇಡೀ ದಿನ ಅದೊಂದೇ ಕೆಲಸಾನಾ?" ಪೀಪಿಗೆ ನಂಬಿಕೆ ಬರಲಿಲ್ಲ.

"ತಪ್ಪು ಮಾಡೋರು ಇಡೀ ದಿನ ಮಾಡ್ತಾರಲ್ಲ."

ಅಪ್ಪ ಎದುರಿನ ಕುರ್ಚಿಯಲ್ಲಿ ಎದೆಯುಬ್ಬಿಸಿ ಕೂತು, ಫೋಟೊ ತೆಗೆಸಿಕೊಳ್ಳುವವರ ಹಾಗೆ ಗದ್ದ ಎತ್ತಿದ್ದರು. "ನೋಡಿ ಸ್ವಾಮಿ, ಚೆನ್ನಾಗಿ ನೋಡಿ. ಬೇಕಿದ್ರೆ ಮುಟ್ಟಿ ನೋಡಿ. ಸತ್ತ ಸುದ್ದಿ ಬಂದ್ರೆ ಆಯುಸ್ಸು ಗಟ್ಟಿ ಅಂತಾರೆ, ಅದಕ್ಕೇ ಎರಡು ದಿನ ಸುಮ್ಮನಿದ್ದೆ. ಆದ್ರೆ ಪಾರ್ಕಿನಲ್ಲಿ ನನ್ನ ಚೆಸ್ ಜಾಗಕ್ಕೆ ಬೇರೆಯವನನ್ನ ಕೂರಿಸಿಬಿಟ್ಟಿದ್ದಾರೆ. ಅದೂ ಕುದುರೆ ನಡೆಸೋಕೆ ಬರದವನನ್ನ!"

"ನೀವು ಫೋನ್ ಮಾಡಿದಾಗಲೇ ನಂಬಿದೆ ಸಾರ್. ಆದ್ರೆ ಫೋನಲ್ಲಿ ಯಾರು ಬೇಕಾದ್ರೂ ಬದುಕಿದ್ದೀನಿ ಅನ್ನಬಹುದು. ನಮ್ಮಲ್ಲೊಂದು ನಿಯಮ ಇದೆ, ಹೋಗಿ ನೋಡಬೇಕು." ಅವನು ಪೀಪಿಯ ಕಡೆ ತಿರುಗಿದ. "ಇನ್ನೊಂದು ನಿಯಮ ಏನಂದ್ರೆ, ಸರಿ ಏನು ಅನ್ನೋದನ್ನ ಲೇಖನ ಯಾರ ಬಗ್ಗೆ ಬಂದಿತ್ತೋ ಅವರ ಬಾಯಿಂದಲೇ ಹೇಳಿಸಿ ಹಾಕಬೇಕು. ಹಿಂದೊಂದು ಸಲ ತಿದ್ದುಪಡಿಯೇ ತಪ್ಪಾಗಿ, ಅದಕ್ಕೊಂದು ತಿದ್ದುಪಡಿ, ಅದಕ್ಕೂ ಇನ್ನೊಂದು... ಹೋಗ್ಲಿ ಬಿಡಿ. ನಿಮ್ಮಿಂದ ಒಂದೇ ಒಂದು ವಾಕ್ಯ ಬೇಕು."

"ನಾನು ಪೇಪರಿನವರ ಹತ್ತಿರ ಮಾತಾಡಲ್ಲ."

"ಈಗ ಆಡ್ತಾ ಇದ್ದೀರಲ್ಲ."

"ಇದು ಜಗಳ."

"ಸರಿ, ಜಗಳದಲ್ಲೇ ಒಂದು ವಾಕ್ಯ ಕೊಡಿ."

ಅವಳು ಬಾಯಿ ತೆರೆಯುವ ಮೊದಲೇ ಅತ್ತಿಗೆ ಬಂದಳು. ಊಟದ ಬಿಡುವಿನಲ್ಲಿ ಓಡಿ ಬಂದಿದ್ದಳು. ಗದ್ದಕ್ಕೆ ಮಾಸ್ಕು ನೇತಾಡುತ್ತಿತ್ತು. ಬಂದವನು ಯಾರೆಂದು ತಿಳಿದ ತಕ್ಷಣ ಅವಳ ಮುಖದ ಬಣ್ಣ ಇಳಿಯಿತು.

"ಶನಿವಾರ ಆದ ಮೇಲೆ ಹಾಕಿ, ಪ್ಲೀಸ್. ಶನಿವಾರ ಇವಳ ಪ್ರೋಗ್ರಾಂ ಇದೆ, ದೊಡ್ಡ ಥಿಯೇಟರಿನಲ್ಲಿ. ಸೀಟೆಲ್ಲ ತುಂಬಿದೆ. ಲೈವ್ ಹೋಗ್ತಾ ಇದೆ. ಈಗ ಹೋಗಿ ಅಪ್ಪ ಬದುಕಿದ್ದಾರೆ ಅಂದ್ರೆ ಜನ ಏನಂತಾರೆ? ಪ್ರಚಾರಕ್ಕೋಸ್ಕರ ಅಪ್ಪನನ್ನೇ ಸಾಯಿಸಿದ್ಲು ಅಂತಾರೆ!"

"ಹಾಗಾದ್ರೆ ನಾನು ಶನಿವಾರದ ತನಕ ಸತ್ತೇ ಇರಬೇಕೇನಮ್ಮಾ?" ಅಪ್ಪ ಕೇಳಿದರು.

"ನಾಲ್ಕು ದಿನ ಮಾವ. ಅಡ್ಜಸ್ಟ್ ಮಾಡ್ಕೊಳ್ಳಿ."

ಪೀಪಿ ಯಾರ ಮುಖವನ್ನೂ ನೋಡದೆ ಮೊಳೆಗೆ ನೇತುಹಾಕಿದ್ದ ಕೋಟನ್ನು ನೋಡುತ್ತಿದ್ದಳು. ಅತ್ತಿಗೆ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಹತ್ತು ಕುರ್ಚಿ ತುಂಬಿದರೆ ಹಬ್ಬ ಎಂದುಕೊಳ್ಳುತ್ತಿದ್ದವಳಿಗೆ ಮೊದಲ ಸಲ ಒಂದು ಥಿಯೇಟರು ತುಂಬಿತ್ತು. ಆದರೆ ತುಂಬಿದ್ದು ಅವಳ ಹಾಡಿಗಲ್ಲ, ಆಗದ ಒಂದು ಸಾವಿಗೆ. ನಿಜ ಹೇಳಿದರೆ ಜನ ಹೋಗುತ್ತಾರೆ. ಹೇಳದಿದ್ದರೆ ಹಾಡು ಹೋಗುತ್ತದೆ, ಇನ್ನೆಂದೂ ಅದನ್ನು ಅದರಷ್ಟಕ್ಕೆ ಯಾರೂ ಕೇಳುವುದಿಲ್ಲ. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ನಾನು ವಾಕ್ಯ ಕೊಡದಿದ್ರೆ?" ಎಂದು ಕೇಳಿದಳು.

"ಕೊಡೋ ತನಕ ಕಾಯ್ತೀನಿ. ಕೊಡದೆ ಹಾಕೋಕೆ ಬರಲ್ಲ." ಅವನು ಎದ್ದು, ಹೆಲ್ಮೆಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ದಾಟಿಸಿದ. "ದಿನಾ ಬಂದು ಕೇಳೋದಕ್ಕೆ ಮಾತ್ರ ನಿಯಮದಲ್ಲಿ ಅಡ್ಡಿ ಇಲ್ಲ."

ಅವನು ಮೆಟ್ಟಿಲಿಳಿಯುವ ತನಕ ಪೀಪಿ ಬಾಗಿಲು ಹಾಕಲಿಲ್ಲ. ಹಾಕಬೇಕೆಂದು ನೆನಪಾದದ್ದು ಅಪ್ಪ ಕೆಮ್ಮಿದ ಮೇಲೆ.

ಮರುದಿನ ಅವನು ರಿಪೇರಿ ಅಂಗಡಿಗೆ ಬಂದ.

ಪೀಪಿ ಒಂದು ಹಳೇ ಅಕಾರ್ಡಿಯನ್ನಿನ ತಿದಿಯಲ್ಲಿ ಗಾಳಿ ಸೋರುವ ಜಾಗ ಹುಡುಕುತ್ತಿದ್ದಳು. ಅಂಗಡಿಯ ಯಜಮಾನಿ ಬ್ಯಾಂಕಿಗೆ ಹೋಗಿದ್ದರಿಂದ ಹಿಡಿದುಕೊಳ್ಳಲು ಇನ್ನೊಂದು ಜೋಡಿ ಕೈ ಬೇಕಿತ್ತು.

"ಬಂದದ್ದು ಒಳ್ಳೇದಾಯ್ತು ತಿದ್ದುಪಡಿಯವರೇ. ಇದನ್ನ ಹಿಡ್ಕೊಳ್ಳಿ. ಪೂರ್ತಿ ಎಳೀರಿ. ಈಗ ಮೆಲ್ಲಗೆ ಅಮುಕಿ, ಇನ್ನೂ ಮೆಲ್ಲಗೆ. ಉಸಿರು ಬಿಡೋ ಹಾಗೆ."

ಅವನು ಎರಡೂ ಕೈ ಅಗಲಿಸಿ ನಿಂತ. ಪೀಪಿ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ತಿದಿಯ ಮಡಿಕೆಗಳ ಉದ್ದಕ್ಕೂ ಕೆನ್ನೆಯನ್ನು ಹತ್ತಿರ ತಂದು ಸರಿಸತೊಡಗಿದಳು.

"ಏನು ಮಾಡ್ತಿದ್ದೀರಿ?" ಅವನ ದನಿ ಸ್ವಲ್ಪ ತೆಳ್ಳಗಾಗಿತ್ತು.

"ಗಾಳಿ ಎಲ್ಲಿ ಸೋರುತ್ತೆ ಅಂತ ಕೆನ್ನೆಗೆ ಗೊತ್ತಾಗುತ್ತೆ. ಬೆರಳಿಗೆ ಗೊತ್ತಾಗಲ್ಲ, ಬೆರಳು ದಡ್ಡ."

ಕೆನ್ನೆ ಒಂದೊಂದೇ ಮಡಿಕೆ ದಾಟಿ ಅವನ ಬಲಗೈಯ ಹತ್ತಿರ ಬಂತು. ಅಲ್ಲಿ ಗಾಳಿಯೇನೂ ಸೋರುತ್ತಿರಲಿಲ್ಲ. ಆದರೂ ಅವಳು ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಅಲ್ಲಿದ್ದಳು. ಕಣ್ಣೆತ್ತಿದರೆ ಅವನು ಗೋಡೆಯ ಮೇಲಿನ ಪಿಟೀಲುಗಳನ್ನು ಬಹಳ ಶ್ರದ್ಧೆಯಿಂದ ಎಣಿಸುತ್ತಿದ್ದ. ಕಿವಿ ಮಾತ್ರ ಕೆಂಪಗಿತ್ತು.

"ಕೈ ನಡುಗಿಸಬೇಡಿ," ಎಂದಳು, ನಗು ಅಡಗಿಸಿಕೊಂಡು.

"ನಡುಗ್ತಿರೋದು ವಾದ್ಯ."

"ಓಹೋ! ವಾದ್ಯದ ಮೇಲೆ ತಪ್ಪು ಹಾಕ್ತೀರಾ? ಇದಕ್ಕೆ ತಿದ್ದುಪಡಿ ಇಲ್ವಾ?"

ಅವನು ನಕ್ಕುಬಿಟ್ಟ. ಮೊದಲು ಮೂಗಿನಲ್ಲೇ ತಡೆಯಲು ನೋಡಿ, ಆಗದೆ, ಬಿಕ್ಕಳಿಕೆಯ ಹಾಗೆ ಕೈಮೀರಿ ಹೊರಬಂದ ನಗು. ಪೀಪಿಯ ಕೈ ಅಲ್ಲಿಯೇ ನಿಂತಿತು. ಆ ನಗುವನ್ನು ಅವಳು ಹಿಂದೊಮ್ಮೆ ಕೇಳಿದ್ದಳು.

ಪುಸ್ತಕದಂಗಡಿಯೊಂದರ ಹಿಂದಿನ ಕೋಣೆಯಲ್ಲಿ, ಅಪ್ಪನ ಕೋಟಿನ ಹಾಡನ್ನು ಅವಳು ಮೊದಲ ಸಲ ಹಾಡಿದ ದಿನ. ಹಾಡಿನ ಕೊನೆಯ ಸಾಲುಗಳು ಹೀಗಿದ್ದವು:

ಮೊಳೆಗೆ ನೇತಿದೆ ಕೋಟು, ಹೆಗಲಿಲ್ಲ, ತೋಳಿಲ್ಲ,
ಹಸಿರು ಬಾವುಟ ಬೀಸಿ ರೈಲು ಹೋಯಿತು ದೂರ.
ಜೇಬಿನಲಿ ಕೈಯಿಟ್ಟೆ, ಸಿಕ್ಕಿದ್ದು ಏನಂತೆ?
ಇವತ್ತೇ ತಂದಿಟ್ಟ ಪೆಪ್ಪರ್‌ಮಿಂಟು!

ಎಲ್ಲರೂ ಕಣ್ಣು ಒರೆಸಿಕೊಂಡಿದ್ದರು. ಹಿಂದಿನ ಸಾಲಿನಲ್ಲಿ ಒಬ್ಬ ಮಾತ್ರ ನಕ್ಕಿದ್ದ. ಅವಳು ತಲೆಯೆತ್ತಿ ಮುಖ ಗುರುತಿಸುವಷ್ಟರಲ್ಲಿ ಅವನು ಎದ್ದು ಹೋಗಿದ್ದ.

"ಆವತ್ತು ಪುಸ್ತಕದಂಗಡಿಯಲ್ಲಿ ನಕ್ಕಿದ್ದು ನೀವೇನಾ?"

ಅವನ ಮುಖ ಬಿಳಿಚಿಕೊಂಡಿತು. ಎರಡೂ ಕೈಯಲ್ಲಿ ತಿದಿ ಇದ್ದುದರಿಂದ ಓಡಿಹೋಗುವ ಹಾಗೂ ಇರಲಿಲ್ಲ. "ಕ್ಷಮಿಸಿ. ದುಃಖದ ಹಾಡಿಗೆ ನಗಬಾರದಿತ್ತು. ಆದ್ರೆ ನನಗೆ ದುಃಖ ಅಂತ ಅನ್ನಿಸಲೇ ಇಲ್ಲ. ಸತ್ತವರ ಕೋಟಿನ ಜೇಬಿನಲ್ಲಿ ಇವತ್ತಿನ ಪೆಪ್ಪರ್‌ಮಿಂಟ್ ಯಾರು ತಂದಿಡ್ತಾರೆ? ಈ ಅಪ್ಪ ಎಲ್ಲೋ ಇಲ್ಲೇ ಇದ್ದಾನೆ, ಮಗಳು ನೋಡದೇ ಇರೋವಾಗ ಸಿಹಿ ತಿಂತಿದ್ದಾನೆ ಅನ್ನಿಸ್ತು. ಲೇಖನ ನೋಡಿದಾಗ ಆಫೀಸಿನಲ್ಲಿ ಹೇಳಿದೆ, ಹಾಡು ಸರಿಯಾಗಿ ಕೇಳಿ ಅಂತ. ಯಾರೂ ಕೇಳಲಿಲ್ಲ. ಆಮೇಲೆ ನಿಮ್ಮ ತಂದೆಯವರ ಫೋನು ಬಂತು, ನನಗೆ ಕುಣಿಯೋಷ್ಟು ಖುಷಿ ಆಯ್ತು."

ಪೀಪಿ ಅಂಟಿನ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಅಪ್ಪನಿಗೆ ಸಕ್ಕರೆ ಕಾಯಿಲೆ. ಹೊಟ್ಟೆ ಬಂದು ಕೋಟು ಸೇರದಾದ ಮೇಲೆ ಅದನ್ನು ಮೊಳೆಗೆ ಹಾಕಿ, ಕದ್ದು ತಂದ ಪೆಪ್ಪರ್‌ಮಿಂಟು ಬಚ್ಚಿಡುವ ಗೋದಾಮು ಮಾಡಿಕೊಂಡಿದ್ದರು. ಹಾಡು ಹುಟ್ಟಿದ್ದು ಅದನ್ನು ಹಿಡಿದ ದಿನ. ಹಾಡಿದಲ್ಲೆಲ್ಲ ಜನ ಅತ್ತರು. ಮತ್ತೊಮ್ಮೆ ಯಾರಾದರೂ ನಗಬಾರದೇ ಎಂದು ಅವಳು ಕಾದಿದ್ದಳು.

ಇದನ್ನೆಲ್ಲ ಹೇಳಬೇಕೆನ್ನಿಸಿತು. ಆದರೆ ಕೇಳುತ್ತಿರುವವನು ಪೇಪರಿನವನು.

"ಇದನ್ನೆಲ್ಲ ಬರೀತೀರಾ?" ಎಂದಳು.

"ಕೈಯಲ್ಲಿ ನಿಮ್ಮ ವಾದ್ಯ ಇದೆ. ಹೇಗೆ ಬರೀಲಿ?"

"ಬಿಟ್ಟ ಮೇಲೆ?"

"ಬಿಟ್ಟ ಮೇಲೂ ಇಲ್ಲ. ನನಗೆ ಬೇಕಾಗಿರೋದು ಒಂದು ವಾಕ್ಯ ಅಷ್ಟೇ. ಉಳಿದದ್ದು ನಿಮ್ಮದು."

ಅವಳು ಆವತ್ತೂ ವಾಕ್ಯ ಕೊಡಲಿಲ್ಲ. ಬದಲಿಗೆ ಕಾಫಿ ಕೊಟ್ಟಳು. ಅದರ ಮಾರನೆಯ ದಿನವೂ ಅವನು ಬಂದ, ಕಾಫಿ ಕುಡಿದು ಹೋದ. "ಇವರು ನನ್ನ ಬದುಕಿಸೋಕೆ ಬರ್ತಿದ್ದಾರೋ, ಕಾಫಿಪುಡಿ ಖಾಲಿ ಮಾಡೋಕೋ?" ಎಂದು ಸುದ್ದಿ ತಿಳಿದ ಅಪ್ಪ ಕೇಳಿದರು. ಪೀಪಿ ಅಂಗಡಿಗೆ ಹೋಗುವಾಗ ಕನ್ನಡಿಯ ಮುಂದೆ ಎರಡು ಸಲ ನಿಂತಳು. ಕಂಡೂ ಕಾಣದಂತಿದ್ದ ಅತ್ತಿಗೆ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

ಶನಿವಾರ ಸಂಜೆ ಥಿಯೇಟರಿನ ಪರದೆಯ ಸಂದಿಯಿಂದ ನೋಡಿದ ಪೀಪಿ ಒಂದು ಹೆಜ್ಜೆ ಹಿಂದೆ ಸರಿದಳು. ಅಷ್ಟು ಜನ! ಎಷ್ಟೋ ಮಂದಿ ಕಪ್ಪು ಬಟ್ಟೆ ತೊಟ್ಟಿದ್ದರು. ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಮಡಿಲಲ್ಲಿ ಮೂರು ಕರ್ಚೀಫು ಸಾಲಾಗಿ ಜೋಡಿಸಿಟ್ಟುಕೊಂಡಿದ್ದಳು.

ಲೈವ್ ನಡೆಸಿಕೊಡುವ ನಿರೂಪಕ ಬಂದು ಅವಳ ಕುಪ್ಪಸಕ್ಕೆ ಮೈಕು ಸಿಕ್ಕಿಸಿದ. "ನೋಡಿ ಮೇಡಂ, ಮೊದಲು ನಾನು ಒಂದು ನಿಮಿಷ ಮೌನ ಆಚರಿಸೋಕೆ ಹೇಳ್ತೀನಿ. ಆಮೇಲೆ ನೀವು ಅಪ್ಪನ ಬಗ್ಗೆ ನಾಲ್ಕು ಮಾತು. ಕಣ್ಣೀರು ಬಂದ್ರೆ ತಡೀಬೇಡಿ, ಕ್ಯಾಮೆರಾ ಎಡಗಡೆ ಇದೆ."

ಅವನು ಹೋದ ಮೇಲೆ ಅತ್ತಿಗೆ ಅವಳ ಕೈ ಹಿಡಿದುಕೊಂಡಳು. ಬೆರಳುಗಳು ತಣ್ಣಗಿದ್ದವು. "ಪೀಪಿ, ಇದು ಅತಿಯಾಯ್ತು ಅಂತ ನನಗೂ ಅನ್ನಿಸ್ತಿದೆ ಕಣೆ. ನಿನ್ನ ಹಾಡನ್ನ ನಾಲ್ಕು ಜನ ಕೇಳಲಿ ಅಂತ ಆಸೆಪಟ್ಟೆ, ಅಷ್ಟೇ. ಮಾವನಿಗೆ ಮನೆಯಲ್ಲೇ ಇರಿ ಅಂದು ಬಂದೆ. ಆವಾಗ ಅವರ ಮುಖ ನೋಡೋಕೆ ಆಗಲಿಲ್ಲ."

ಪೀಪಿ ಅತ್ತಿಗೆಯ ಕೈಯನ್ನು ಒಮ್ಮೆ ಒತ್ತಿದಳು. ಅವಳ ಮೇಲೆ ಸಿಟ್ಟಿರಲಿಲ್ಲ. ಸಿಟ್ಟಿದ್ದದ್ದು ಎಲ್ಲ ಸಲವೂ ಮುಚ್ಚಿಕೊಂಡೇ ಇದ್ದ ತನ್ನ ಬಾಯಿಯ ಮೇಲೆ.

ವೇದಿಕೆಯ ಮೇಲೆ ದೀಪ ಬಿತ್ತು. ನಿರೂಪಕ ದನಿಯನ್ನು ಪಾತಾಳಕ್ಕಿಳಿಸಿ, ಅಗಲಿದ ಹಿರಿಯ ಜೀವಕ್ಕಾಗಿ ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಂಡ. ಕುರ್ಚಿಗಳು ಕಿರುಗುಟ್ಟಿದವು. ಆಮೇಲೆ ಮೌನ. ಯಾರೋ ಮೂಗೆಳೆದುಕೊಂಡರು. ಮತ್ತೆ ಮೌನ.

ಆ ಮೌನದಲ್ಲಿ, ಕೊನೆಯ ಸಾಲಿನಿಂದ ಒಂದು ಸಪ್ಪಳ ಬಂತು. ಚರ್... ತುಸು ಬಿಡುವು. ಪರ್... ಮತ್ತೆ ಬಿಡುವು.

ಪೀಪಿಯ ಕಿವಿ ನೆಟ್ಟಗಾಯಿತು. ಲೋಕದಲ್ಲಿ ಪೆಪ್ಪರ್‌ಮಿಂಟಿನ ಕಾಗದವನ್ನು ಹಾಗೆ ಬಿಚ್ಚುವವರು ಒಬ್ಬರೇ. ನಿಧಾನಕ್ಕೆ ಬಿಚ್ಚಿದರೆ ಯಾರಿಗೂ ಕೇಳಿಸುವುದಿಲ್ಲ ಎಂದು ನಂಬಿಕೊಂಡು, ಒಂದು ಕ್ಷಣದ ಸದ್ದನ್ನು ಊರೆಲ್ಲ ಕೇಳುವಷ್ಟು ಉದ್ದ ಎಳೆಯುವ ಮಹಾನುಭಾವರು. ಕಣ್ಣು ಕಿರಿದು ಮಾಡಿ ನೋಡಿದಳು. ಟೋಪಿಯನ್ನು ಮೂಗಿನ ತನಕ ಎಳೆದುಕೊಂಡು, ಗುಂಡಿ ಹಾಕಲು ಬಾರದ ಗಾರ್ಡಿನ ಕೋಟು ತೊಟ್ಟು, ಅಪ್ಪ ತಮ್ಮದೇ ಶ್ರದ್ಧಾಂಜಲಿಗೆ ಭಕ್ತಿಯಿಂದ ಎದ್ದು ನಿಂತಿದ್ದರು.

ಹೊಟ್ಟೆಯಿಂದ ನಗು ಉಕ್ಕಿ ಬಂತು. ಅದರ ಹಿಂದೆಯೇ ನೆನಪಾಯಿತು. ಈ ಮನುಷ್ಯ ಇಲ್ಲದ ದಿನ ಒಂದು ಬರುತ್ತದೆ. ಆ ದಿನದ ಮೌನವನ್ನು ಇವತ್ತೇ ಖರ್ಚು ಮಾಡುವುದೇ?

ಅವಳು ವೇದಿಕೆಯ ಮುಂಭಾಗಕ್ಕೆ ಬಂದಳು.

"ಕೂತ್ಕೊಳ್ಳಿ ಎಲ್ಲರೂ. ನಮ್ಮಪ್ಪ ಬದುಕಿದ್ದಾರೆ."

ಸಭೆ ಕೂರಲಿಲ್ಲ, ನಿಲ್ಲಲೂ ಇಲ್ಲ, ನಡುವೆಯೇ ಎಲ್ಲೋ ಬಗ್ಗಿಕೊಂಡು ನಿಂತುಬಿಟ್ಟಿತು. ನಿರೂಪಕನ ಬಾಯಿ ತೆರೆದಿತ್ತು.

"ನಮ್ಮಪ್ಪ ದಪ್ಪ ಆಗಿದ್ದಾರೆ, ಅಷ್ಟೇ. ಕೋಟು ಹಿಡಿಸಲ್ಲ, ಅದಕ್ಕೇ ಅದು ಮೊಳೆಯಲ್ಲಿದೆ. ಜೇಬಿನಲ್ಲಿ ಪೆಪ್ಪರ್‌ಮಿಂಟ್ ಇರೋದು ಡಾಕ್ಟರು ಸಕ್ಕರೆ ಬೇಡ ಅಂದಿದ್ದಕ್ಕೆ. ಪೇಪರಿನಲ್ಲಿ ತಪ್ಪಾಗಿ ಬಂತು. ಆದ್ರೆ ಪೂರ್ತಿ ತಪ್ಪು ಅವರದಲ್ಲ. ಅವರು ಕೇಳಿದ್ರು, ನಾನು ಬಾಯಿ ಬಿಡಲಿಲ್ಲ. ಹಾಡಿನ ಬಗ್ಗೆ ಮಾತಾಡಿದ್ರೆ ಹಾಡು ಸಣ್ಣದಾಗುತ್ತೆ ಅಂದ್ಕೊಂಡಿದ್ದೆ. ನಾನು ಬಿಟ್ಟ ಜಾಗದಲ್ಲಿ ಬೇರೆ ಯಾರೋ ಮಾತು ತುಂಬಿದ್ರು." ಅವಳು ಉಸಿರೆಳೆದುಕೊಂಡಳು. "ಅಪ್ಪ ಅಲ್ಲಿ ಕೊನೇ ಸಾಲಿನಲ್ಲಿದ್ದಾರೆ. ಈಗ ಬಾಯಲ್ಲಿ ಇಟ್ಕೊಂಡಿರೋದನ್ನ ಉಗುಳಪ್ಪಾ."

ಇಡೀ ಥಿಯೇಟರು ಹಿಂದೆ ತಿರುಗಿತು. ಅಪ್ಪ ಟೋಪಿ ತೆಗೆದರು. ಒಂದು ಕ್ಷಣ ಯಾರಿಗೂ ಏನು ಮಾಡಬೇಕೆಂದು ತಿಳಿಯಲಿಲ್ಲ. ಎಲ್ಲ ಮುಗಿಯಿತು, ಈಗ ಎದ್ದು ಹೋಗುತ್ತಾರೆ ಎಂದುಕೊಂಡಳು ಪೀಪಿ.

ಆಗ ಬಲಗಡೆಯ ಗೋಡೆಯ ಪಕ್ಕದಿಂದ ಅದು ಕೇಳಿಸಿತು. ಮೂಗಿನಲ್ಲಿ ತಡೆಯಲು ನೋಡಿ, ಆಗದೆ, ಬಿಕ್ಕಳಿಕೆಯ ಹಾಗೆ ಕೈಮೀರಿದ ಆ ನಗು. ಅದರ ಪಕ್ಕದವರು ನಕ್ಕರು. ಅವರ ಹಿಂದಿನವರು ನಕ್ಕರು. ಎದ್ದು ನಿಂತಿದ್ದವರೆಲ್ಲ ಕುರ್ಚಿಗೆ ಕುಸಿದು ನಗತೊಡಗಿದರು.

ಮುಂದಿನ ಸಾಲಿನ ಮೂರು ಕರ್ಚೀಫಿನ ಹೆಂಗಸು ಮಾತ್ರ ನಿಂತೇ ಇದ್ದಳು. "ನಾನು ಈ ಹಾಡು ಕೇಳಿ ವಾರವೆಲ್ಲ ಅತ್ತಿದ್ದೀನಿ. ನನ್ನ ಅಳು ಏನಾಗ್ಬೇಕು?" ಎಂದಳು, ನಿಜವಾದ ಸಿಟ್ಟಿನಿಂದ.

ಅಪ್ಪ ಅಷ್ಟರಲ್ಲಿ ಮುಂದೆ ಬಂದಿದ್ದರು. "ತಾಯೀ, ನಿಮ್ಮ ಅಳು ದಂಡ ಆಗಲ್ಲ. ಇವತ್ತಲ್ಲ ನಾಳೆ ಬೇಕೇ ಬೇಕಾಗುತ್ತೆ. ಮುಂಗಡ ಅಂತ ಇಟ್ಕೋತೀನಿ," ಎಂದು ಜೇಬಿನಿಂದ ಒಂದು ಪೆಪ್ಪರ್‌ಮಿಂಟು ತೆಗೆದು ಅವಳ ಅಂಗೈಯಲ್ಲಿಟ್ಟರು. ಅವಳು ನಕ್ಕಳೋ ಅತ್ತಳೋ ಹೇಳುವುದು ಕಷ್ಟ. ಆದರೆ ಕೂತಳು.

ಒಂದಿಬ್ಬರು ಎದ್ದು ಹೋದದ್ದೂ ನಿಜ. ಪೀಪಿ ತಡೆಯಲಿಲ್ಲ. ಅಕಾರ್ಡಿಯನ್ ಎದೆಗೆ ತೆಗೆದುಕೊಂಡು ಕೋಟಿನ ಹಾಡು ಹಾಡಿದಳು. 'ರೈಲು ಹೋಯಿತು ದೂರ' ಎಂಬಲ್ಲಿ ಥಿಯೇಟರು ಮೌನವಾಗಿತ್ತು. 'ಪೆಪ್ಪರ್‌ಮಿಂಟು' ಎಂಬಲ್ಲಿ ಜನ ಹೋ ಎಂದು ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಕಟ್ಟಿದ ದಿನ ಹಾಡು ಹೇಗಿತ್ತೋ ಹಾಗೆಯೇ ಅವಳಿಗೆ ವಾಪಸು ಸಿಕ್ಕಿತು. ಹೆಗಲ ಮೇಲಿನ ಅಕಾರ್ಡಿಯನ್ನಿನ ಭಾರವೂ ಆವತ್ತು ಗೊತ್ತಾಗಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ವೇದಿಕೆಯ ಹಿಂದಿನ ಓಣಿಯಲ್ಲಿ ಅವನು ಹೆಲ್ಮೆಟ್ ಹಿಡಿದು ನಿಂತಿದ್ದ. ಅಪ್ಪ ಹೊರಗೆ ಜನರ ಜೊತೆ ಫೋಟೊ ತೆಗೆಸಿಕೊಳ್ಳುವುದರಲ್ಲಿ ಮುಳುಗಿದ್ದರು. ಅತ್ತಿಗೆ "ಹಲ್ಲು ಕಾಣೋ ಹಾಗೆ ಮಾವ!" ಎನ್ನುವುದು ಇಲ್ಲಿಗೂ ಕೇಳಿಸುತ್ತಿತ್ತು.

"ನಿಮ್ಮ ವಾಕ್ಯ ಸಿಕ್ಕಿತಲ್ಲ," ಎಂದಳು ಪೀಪಿ.

"ಸಿಕ್ಕಿತು. ಆದ್ರೆ ನಗು ಬಂದು ಬರ್ಕೊಳ್ಳೋಕೆ ಆಗಲಿಲ್ಲ. ಇನ್ನೊಂದು ಸಲ ಹೇಳ್ತೀರಾ?"

"ಮೊದಲು ನೀವೊಂದು ಹೇಳಿ. ಆವತ್ತು ಪುಸ್ತಕದಂಗಡಿಯಲ್ಲಿ ನಕ್ಕು ಎದ್ದು ಓಡಿದ್ದು ಯಾಕೆ?"

"ನೀವು ನೋಡಿದ್ರಲ್ಲ, ಹಸಿ ಹಸಿ ತಿಂದುಬಿಡೋ ಹಾಗೆ."

"ಅದು ಸಿಟ್ಟಲ್ಲ ರೀ!" ಎಂದವಳ ದನಿ ಏರಿ, ಮತ್ತೆ ಇಳಿಯಿತು. "ಅದು ಹುಡುಕಿದ್ದು. ಆಮೇಲೆ ಎಲ್ಲಿ ಹಾಡಿದ್ರೂ ಆ ಸಾಲು ಬಂದಾಗ ತಲೆ ಎತ್ತಿ ನೋಡ್ತಿದ್ದೆ, ಆ ನಗು ಬರುತ್ತಾ ಅಂತ. ಬರ್ತಿರಲಿಲ್ಲ. ಇವತ್ತು ಅದು ಬಾರದೇ ಇದ್ದಿದ್ರೆ ನಾನು ಮುಂದೆ ಹಾಡ್ತಿರಲಿಲ್ಲ."

ಅವನು ಕನ್ನಡಕ ತೆಗೆದು ಒರೆಸಿದ. ಒರೆಸುವಾಗ ಕಡ್ಡಿಯ ಟೇಪು ಕಿತ್ತು ಬಂತು. "ನಾನು ಬಂದಿದ್ದೆ," ಎಂದ ಮೆಲ್ಲಗೆ. "ಅದಾದ ಮೇಲಿನ ಎಲ್ಲಾ ಪ್ರೋಗ್ರಾಮಿಗೂ ಬಂದಿದ್ದೆ. ನಿಮಗೆ ಬೇಜಾರಾಗಬಾರದು ಅಂತ ಆ ಸಾಲು ಬರೋ ಹೊತ್ತಿಗೆ ಹೊರಗೆ ಹೋಗಿ ನಿಂತು ನಗ್ತಿದ್ದೆ."

ಪೀಪಿ ಅವನನ್ನೇ ನೋಡಿದಳು. ಆಮೇಲೆ ಆ ಮುರುಕು ಕನ್ನಡಕವನ್ನು ಅವನ ಕೈಯಿಂದ ತೆಗೆದುಕೊಂಡು, ಕಡ್ಡಿ ಬಗ್ಗಿಸಿ, ತಾನೇ ಅವನ ಕಿವಿಗಳಿಗೆ ಸಿಕ್ಕಿಸಿದಳು. ಬೆರಳು ದಡ್ಡ ಎಂದಿದ್ದು ಸುಳ್ಳು. ಅವನ ಕಿವಿ ಎಷ್ಟು ಬಿಸಿಯಾಗಿದೆ ಎಂದು ಅದಕ್ಕೆ ಚೆನ್ನಾಗಿ ಗೊತ್ತಾಯಿತು.

"ಇನ್ಮೇಲೆ ಒಳಗೇ ಕೂತು ನಗಬೇಕು," ಎಂದಳು. "ಮೊದಲನೇ ಸಾಲಿನಲ್ಲಿ."

"ಎಷ್ಟು ದಿನ?"

"ಹಾಡು ಇರೋಷ್ಟು ದಿನ."

ಸೋಮವಾರ ಬೆಳಗ್ಗೆ, ತನ್ನ ಬಗ್ಗೆ ಬಂದದ್ದನ್ನು ಓದದ ಪೀಪಿ ಪೇಪರು ಹಾಕುವ ಹುಡುಗ ಬರುವ ಮೊದಲೇ ಎದ್ದು ಬಾಗಿಲಲ್ಲಿ ನಿಂತಿದ್ದಳು. ಎರಡನೇ ಪುಟದ ಮೂಲೆಯಲ್ಲಿ ಪುಟ್ಟ ಚೌಕ ಇತ್ತು.

'ಪುರವಣಿಯ ಲೇಖನದಲ್ಲಿ ಗಾಯಕಿಯ ತಂದೆ ನಿಧನರಾಗಿದ್ದಾರೆಂದು ತಪ್ಪಾಗಿ ಪ್ರಕಟವಾಗಿತ್ತು. ಅವರು ಆರೋಗ್ಯವಾಗಿದ್ದಾರೆ. "ನಮ್ಮಪ್ಪ ದಪ್ಪ ಆಗಿದ್ದಾರೆ, ಅಷ್ಟೇ" ಎಂದು, ಪತ್ರಿಕೆಯವರೊಂದಿಗೆ ಮಾತನಾಡದ ಗಾಯಕಿ ಸ್ಪಷ್ಟಪಡಿಸಿದ್ದಾರೆ. ತಪ್ಪಿಗೆ ವಿಷಾದಿಸುತ್ತೇವೆ.'

"ದಪ್ಪ ಅಂತ ಹಾಕೇಬಿಟ್ರಾ?" ಅಪ್ಪ ಕೂಗಾಡಿದರು. "ಊರಿಗೆಲ್ಲ ಗೊತ್ತಾಯ್ತಲ್ಲೇ! ಇದಕ್ಕಿಂತ ಸತ್ತಿದ್ದೇ ವಾಸಿಯಿತ್ತು!" ಆದರೂ ಆ ಚೌಕವನ್ನು ಕತ್ತರಿಸಿ ಜೇಬಿಗಿಟ್ಟುಕೊಂಡು, ಚೆಸ್ ಜಾಗ ಬಿಡಿಸಿಕೊಳ್ಳಲು ಪಾರ್ಕಿನ ಕಡೆ ಸೈನ್ಯಾಧಿಪತಿಯ ಹಾಗೆ ನಡೆದರು.

ಅಂಗಡಿಗೆ ಅವನು ಬಂದಾಗ ಪೀಪಿ ಗಂಭೀರವಾಗಿದ್ದಳು. "ನಿಮ್ಮ ತಿದ್ದುಪಡಿಯಲ್ಲಿ ಒಂದು ತಪ್ಪಿದೆ," ಎಂದಳು.

ಅವನ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಎಲ್ಲಿ? ಮೂರು ಸಲ ನೋಡಿದ್ದೀನಿ!"

"'ಪತ್ರಿಕೆಯವರೊಂದಿಗೆ ಮಾತನಾಡದ ಗಾಯಕಿ' ಅಂತ ಹಾಕಿದ್ದೀರಿ. ಅದು ತಪ್ಪು. ಒಬ್ಬರ ಜೊತೆ ಮಾತಾಡ್ತಾಳೆ. ದಿನಾ ಮಾತಾಡಬೇಕು ಅಂತಿದ್ದಾಳೆ."

ಅವನ ಮುಖವೆಲ್ಲ ನಗುವಾಯಿತು.

"ನಾಳೆ ಇದಕ್ಕೂ ಒಂದು ತಿದ್ದುಪಡಿ ಹಾಕಲಾ?"

"ಬೇಡ," ಎಂದಳು ಪೀಪಿ, ಎಳೆದು ಹಿಡಿಯಲು ಅಕಾರ್ಡಿಯನ್ನನ್ನು ಅವನ ಎರಡೂ ಕೈಗೆ ಕೊಡುತ್ತ. "ಇದೊಂದು ಪೇಪರಿನಲ್ಲಿ ಬರೋದು ಬೇಡ."